ಕೆಮಿಸ್ಟ್ರಿ ಮೇಷ್ಟ್ರ ಏಟು

ಅವರ ಬಲಗೈಯ ಮೂರು ಬೆರಳುಗಳು ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ ಸದಾ ಹಳದಿ. ನೈಟ್ರಿಕ್ ಆ್ಯಸಿಡ್ ತಗಲಿ ತಗಲಿ ಬಂದ ಬಣ್ಣ. ಅದೇ ಕೈಯಲ್ಲಿ ಅವರು ನಮಗೆ ಹೊಡೆಯುತ್ತಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಕುಶಾಲನಗರದ ಕಡೆಯ ನಾನು ಪಿಯುಸಿಗೆ ಸೇರಿದ್ದೆ. ಕಾಲೇಜಿನಲ್ಲೂ ಹೊಡೆಯುವ ಮೇಷ್ಟ್ರು ಇರುತ್ತಾರೆಂದು ಯಾರೂ ನನಗೆ ಹೇಳಿರಲಿಲ್ಲ.

ಮೋಲ್ ಎಂದರೇನು ಎಂದು ಕೇಳಿದಾಗ ಬಾಯಿಪಾಠ ಒಪ್ಪಿಸಿದರೆ ಡಸ್ಟರ್ ಹಾರಿ ಬರುತ್ತಿತ್ತು. ‘ಪುಸ್ತಕ ನಾನೂ ಓದಿದ್ದೇನೆ. ನೀನು ಎಂತ ಕಂಡೆ, ಅದು ಹೇಳು’ ಎನ್ನುತ್ತಿದ್ದರು. ಒಮ್ಮೆ ಸಲ್ಫ್ಯೂರಿಕ್ ಆ್ಯಸಿಡ್‌ಗೆ ನೀರು ಸುರಿದ ಹುಡುಗನನ್ನು ಕಾಲರ್ ಹಿಡಿದು ಗೋಡೆಗೆ ತಳ್ಳಿದರು. ಆ್ಯಸಿಡ್ ಚಿಮ್ಮಿದ್ದು ಅವರ ಮೊಣಕೈಗೆ. ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ಪಾಠ ಮುಂದುವರಿಸಿದರು: ‘ನೀರಿಗೆ ಆ್ಯಸಿಡ್ ಹಾಕುದು. ಆ್ಯಸಿಡ್‌ಗೆ ನೀರು ಹಾಕಿದ್ರೆ ಹೀಗೆ.’ ಚರ್ಮ ಸುಲಿದು ಬರುತ್ತಿತ್ತು, ಧ್ವನಿ ಮಾತ್ರ ನಡುಗಲಿಲ್ಲ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಆ ವರ್ಷ ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ದೊಡ್ಡಪ್ಪನ ಮಗ ನನ್ನ ಅಣ್ಣನ ಮುಖಕ್ಕೆ ಕತ್ತಿ ಬೀಸಿದ. ಅಣ್ಣನ ಎಡಗಣ್ಣು ಹೋಯಿತು. ರಜೆ ಮುಗಿಸಿ ಬಂದ ನನಗೆ ಓದು ತಲೆಗೆ ಹತ್ತಲಿಲ್ಲ. ಅವನ ಮುಖವನ್ನೂ ಹಾಳು ಮಾಡಬೇಕು, ಅಷ್ಟೇ. ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬಕ್ಕೆ ಕಾಲೇಜು ಮುಚ್ಚುವ ದಿನ, ಲ್ಯಾಬು ಖಾಲಿಯಾದ ಮೇಲೆ, ಸಲ್ಫ್ಯೂರಿಕ್ ಆ್ಯಸಿಡ್ ಬಾಟಲಿಯನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಇಳಿಸಿದೆ. ತಿರುಗಿದರೆ ಬಾಗಿಲಲ್ಲಿ ಮೇಷ್ಟ್ರು. ಕೈಯಲ್ಲಿ ಹಬ್ಬಕ್ಕೆಂದು ಕೊಂಡ ಹಂದಿಮಾಂಸದ ಕಟ್ಟು. ಅಣ್ಣನ ಕಣ್ಣು ಹೋದದ್ದನ್ನು ಬರೆದಿದ್ದ ನನ್ನ ರಜಾ ಅರ್ಜಿ ಓದಿದ್ದವರು ಅವರೇ.

‘ಯಾರ ಮುಖಕ್ಕೆ?’ ಎಂದರು.

‘ಅಣ್ಣನ ಕಣ್ಣು ತೆಗೆದವ್ನಿಗೆ, ಸಾರ್.’

ಮೊದಲ ಏಟಿಗೆ ತುಟಿ ಒಡೆಯಿತು. ಎರಡನೆಯದಕ್ಕೆ ಸ್ಟೂಲಿನ ಸಮೇತ ಬಿದ್ದೆ. ಎಬ್ಬಿಸಿ ಮತ್ತೆ ಹೊಡೆದರು. ಆಮೇಲೆ ಬಾಟಲಿ ಹೊರಗೆ ತೆಗೆದು ಮೇಜಿನ ಮೇಲಿಟ್ಟು, ಕಟ್ಟು ಬಿಚ್ಚಿ, ಚರ್ಮವಿದ್ದ ಒಂದು ತುಂಡನ್ನು ಪಿಂಗಾಣಿ ಬಟ್ಟಲಿಗೆ ಹಾಕಿದರು.

‘ರೆಕಾರ್ಡ್ ಬುಕ್ ತೆಗಿ. ಈಗ ಸುರಿ.’

ಸುರಿದೆ. ಚರ್ಮ ಕಂದಿತು, ಸುರುಟಿತು, ಕಪ್ಪಾಯಿತು. ಕೆಟ್ಟ ವಾಸನೆ ಎದ್ದಿತು. ಮುಖ ತಿರುಗಿಸಿದರೆ ಕತ್ತು ಹಿಡಿದು ಬಟ್ಟಲಿನತ್ತ ತಿರುಗಿಸಿದರು.

‘ಇದಕ್ಕೆ ನೀರಿನ ಹಸಿವು, ಮಾರಾಯ. ಎಲ್ಲಿ ನೀರುಂಟೋ ಅಲ್ಲಿಂದ ಎಳೀತದೆ. ಇದು ಸತ್ತ ಹಂದಿ, ಕೂಗುದಿಲ್ಲ. ಅವನು ಕೂಗ್ತಾನೆ. ಅದನ್ನೂ ಅಬ್ಸರ್ವೇಷನ್‌ನಲ್ಲಿ ಬರಿ.’

ಬರೆದೆ. ತುಟಿಯ ರಕ್ತ ಪುಟದ ಮೇಲೆ ತೊಟ್ಟಿಕ್ಕಿತು. ಕೊನೆಯ ಕಾಲಮ್ಮು ಇನ್‌ಫರೆನ್ಸ್. ಕಂಡದ್ದರಿಂದ ಏನು ತಿಳಿಯಿತು ಎಂದು ಅಲ್ಲಿ ಬರೆಯಬೇಕು. ಅವರು ಸ್ಟೂಲಿನ ಮೇಲೆ ಕೂತು ಕಾದರು. ಕಡೆಗೆ ‘ಈ ಹಬ್ಬಕ್ಕೆ ನಾನು ಊರಿಗೆ ಹೋಗುವುದಿಲ್ಲ’ ಎಂದು ಬರೆದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಸಹಿ ಹಾಕಿ, ಶ್ರೀಮಂಗಲದ ತಮ್ಮ ಮನೆಗೆ ನನ್ನನ್ನು ಕರೆದೊಯ್ದರು. ಪ್ರಿನ್ಸಿಪಾಲರಿಗೆ ಎಂದೂ ಹೇಳಲಿಲ್ಲ. ಊದಿದ ನನ್ನ ಮುಖ ನೋಡಿ ಅವರ ಹೆಂಡತಿ ಗಂಡನನ್ನು ಚೆನ್ನಾಗಿ ಬೈದರು. ನನಗೆ ಖುಷಿಯಾಯಿತು. ಆ ಏಟುಗಳನ್ನು ಇವತ್ತಿಗೂ ನಾನು ಸರಿ ಎನ್ನಲಾರೆ.

ಅವರು ತೀರಿಕೊಂಡ ಸುದ್ದಿ ಎಷ್ಟೋ ವರ್ಷಗಳ ಮೇಲೆ ನನ್ನ ಊರಿಗೆ ಬಂತು. ಶ್ರೀಮಂಗಲದ ಕಡೆಯ ಬಸ್ಸು ಹೋಗಿಯಾಗಿತ್ತು. ಆ ಹೊತ್ತಿಗೆ ಊರಲ್ಲಿದ್ದದ್ದು ಒಂದೇ ಜೀಪು, ದೊಡ್ಡಪ್ಪನ ಮಗನದು. ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ವಿಧಿಯಿಲ್ಲದೆ ಹೋಗಿ ಕೇಳಿದೆ. ಅವನು ಚಾವಿ ತೆಗೆದುಕೊಂಡ. ಜೀಪು ಗೋಣಿಕೊಪ್ಪಲು ದಾಟಿತು. ಆಮೇಲೆ ನನಗೆ ತಡೆಯಲಾಗಲಿಲ್ಲ, ಅಳು ಬಂತು.

‘ತೀರ್ಕೊಂಡವ್ರು ನಿಂಗೇನಾಗ್ಬೇಕು?’ ಎಂದ.

‘ಕೆಮಿಸ್ಟ್ರಿ ಮೇಷ್ಟ್ರು.’

‘ಅಷ್ಟಕ್ಕೆ ಹಿಂಗೆ ಅಳ್ತೀಯೇನೋ?’

ತಿರುಗಿ ಅವನನ್ನು ನೋಡಿದೆ. ಐವತ್ತು ದಾಟಿದ ಮುಖ. ಬೆಳಿಗ್ಗೆ ಶೇವ್ ಮಾಡಿಕೊಳ್ಳುವಾಗ ಆದ ಒಂದು ಗೀರು ಬಿಟ್ಟರೆ ಎಲ್ಲೂ ಒಂದು ಕಲೆ ಇರಲಿಲ್ಲ.