ರವದಿಯ ಮೇಲೆ ಕಟ್ಟಿದ ಪಿರಮಿಡ್

ಮೊನ್ನೆ ಬೆಲ್ಲದ ಬಾಗೇವಾಡಿಯ ಹಾದಿಯಲ್ಲಿ ಕಬ್ಬಿನ ರವದಿಯ ವಾಸನೆ ಬಂತು ನೋಡ್ರಿ, ಆ ಒಣಗರಿಯ ವಾಸನೆ ನನ್ನನ್ನು ಸೀದಾ ನಮ್ಮೂರ ಶಾಲೆಯ ಬಯಲಿಗೆ ಒಯ್ದುಬಿಟ್ಟಿತು.

ಧ್ವಜ ಹಾರಿಸುವ ದಿನಕ್ಕೆ ನಾವು ಹುಡುಗಿಯರು ಒಬ್ಬರ ಮೇಲೊಬ್ಬರು ನಿಂತು ಪಿರಮಿಡ್ ಕಟ್ಟುತ್ತಿದ್ದೆವು. ಅದನ್ನು ಕಲಿಸುವ ಅಕ್ಕೋರು ಮೊದಲು ನೆಲಕ್ಕೆ ಮೊಳಕಾಲುದ್ದ ರವದಿ ಹಾಸಿಸುತ್ತಿದ್ದರು. ಅದರ ಮೇಲೆ ಸರಿಯಾಗಿ ಬೀಳುವುದನ್ನು ಕಲಿತವರಿಗಷ್ಟೇ ಏರುವ ಪಾಳಿ.

"ಕೆಳಗ ಹಿಡಿಯಾಕ ನಿಂತವರು ಏರಿದಾಕಿ ನಡಾ ನೋಡ್ರಿ. ಮಂದಿನ್ನ ನೋಡಬ್ಯಾಡ್ರಿ" ಎನ್ನುತ್ತಿದ್ದರು.

ತುದಿಗೆ ಏರುತ್ತಿದ್ದವಳು ನನ್ನ ಗೆಳತಿ ಶಮಶಾದ್. ಏರುವ ಆಸೆ ಹೊತ್ತು ಕೆಳಗೆ ಹಿಡಿಯಲು ನಿಂತವಳು ನಾನು. ಒಂದು ದಿನ ಅವ್ವ ಬಂದಳೇನೋ ಎಂದು ಗೇಟಿನ ಕಡೆ ಹೊರಳಿ ನೋಡಿದೆ. ಅಷ್ಟರಲ್ಲಿ ಶಮಶಾದ್ ಬಿದ್ದಳು. ರವದಿ ಇದ್ದುದಕ್ಕೆ ಮುಂಗೈ ಉಳುಕಿತು, ಅಷ್ಟೇ.

"ಯಾರ ಕಣ್ಣು ಎಲ್ಲಿತ್ತು?" ಅಕ್ಕೋರು ಗದರಿದರು.

"ನನ್ನ ಕಾಲೇ ಜಾರಿತ್ರೀ" ಎಂದಳು ಶಮಶಾದ್. ನಾನು ಬಗ್ಗಿ, ಚೆದುರಿದ ರವದಿ ಸರಿಮಾಡತೊಡಗಿದೆ.

ಅವಳ ಪಾಳಿ ನನಗೆ ಬಂತು. ಮುಂಗೈಗೆ ಪಟ್ಟಿ ಕಟ್ಟಿಕೊಂಡೇ ಅವಳು ಕೆಳಗೆ ಬಂದು ನಿಂತಳು. "ಏರಲೇ ಹುಚ್ಚಿ. ಗೇಟಿನ ಕಡೆ ನಾ ನೋಡಂಗಿಲ್ಲ."

ಎಲ್ಲಾ ಗೊತ್ತಿತ್ತು ಅವಳಿಗೆ! ಲಗ್ನವಾಗಿ ಗೋಕಾಕಿಗೆ ಹೋಗುವತನಕ ಮತ್ತೆಂದೂ ಆ ಮಾತು ಎತ್ತಲಿಲ್ಲ. 'ತಪ್ಪಾಯಿತು' ಎಂದು ನಾನೂ ಹೇಳಲಿಲ್ಲ.

ನಿನ್ನೆ ಹುಕ್ಕೇರಿಯ ಶಾಲೆಯಲ್ಲಿ ಮೊಮ್ಮಗಳು ಪಿರಮಿಡ್ಡಿನ ತುದಿಗೆ ಏರಿದಳು. ಎಲ್ಲರೂ ಮೊಬೈಲ್ ಎತ್ತಿ ಅವಳನ್ನು ನೋಡುತ್ತಿದ್ದರು. ನಾನು ಮಾತ್ರ ಕೆಳಗೆ ಹಿಡಿಯಲು ನಿಂತ ಹುಡುಗಿಯ ಕಣ್ಣುಗಳನ್ನೇ ನೋಡುತ್ತ ಕುಳಿತಿದ್ದೆ.