ಹಸಿರು ಬಳಿದ ಜಾಗ

ನಗರದ ನಕ್ಷೆಯನ್ನು ನಮ್ಮ ಸಂಘಟನೆಯ ನಾಲ್ಕಾರು ಜನ ಕೈಗೆತ್ತಿಕೊಂಡದ್ದು ಒಂದು ಅನ್ಯಾಯವನ್ನು ಕಣ್ಣಿಗೆ ಕಾಣಿಸುವುದಕ್ಕಾಗಿ. ಹುಬ್ಬಳ್ಳಿಯ ಉಳ್ಳವರ ಬಡಾವಣೆಗಳಲ್ಲಿ ಉದ್ಯಾನಗಳಿದ್ದವು. ಹಮಾಲರೂ ಮನೆಗೆಲಸದ ಹೆಂಗಸರೂ ವಾಸಿಸುವ ಓಣಿಗಳಲ್ಲಿ ಮಕ್ಕಳು ಗಟಾರದ ಬಾಜುವಿನಲ್ಲೇ ಆಡಬೇಕಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಇಡೀ ನಗರವನ್ನು ಒಂದೇ ಹಾಳೆಯ ಮೇಲೆ ಹರಡಿ ನೋಡಿದವರು ಇರಲಿಲ್ಲ. ಜನದಟ್ಟಣೆ ಹೆಚ್ಚಿದಷ್ಟೂ ಗಾಢವಾಗುವ ಕೆಂಪು, ಖಾಲಿ ಜಾಗಕ್ಕೆಲ್ಲ ಹಸಿರು: ಬಣ್ಣಗಳನ್ನು ಆರಿಸಿದವಳು ನಾನೇ. ನಗರದ ಅಂಚು ಕಲಘಟಗಿಯ ಕಡೆಗೂ ಚಾಚುತ್ತಿದ್ದುದರಿಂದ ಮಿಶ್ರಿಕೋಟಿಗೆ ಹೋಗುವ ದಾರಿಯ ಒಂದು ಹಳ್ಳಿಯನ್ನೂ ನಕ್ಷೆಯೊಳಗೆ ಸೇರಿಸಿದೆವು.

ಉಪಗ್ರಹದ ಚಿತ್ರವನ್ನು ನೆಲಕ್ಕೆ ಹೋಲಿಸಿ ನೋಡಲು ಆ ಹಳ್ಳಿಗೆ ಹೋದಾಗ, ಕೂಲಿ ಮಾಡುವ ಒಬ್ಬ ಮುದುಕಿ ನನ್ನ ಜೊತೆ ನಡೆದಳು. ಎಲ್ಲರಂತೆ ನಾನೂ ಅವಳನ್ನು ಆಯಿ ಎಂದೆ. ಕೆರೆ, ಶಾಲೆ, ನೀರಿನ ಟಾಕಿ, ಅವಳ ಓಣಿಯ ದಲಿತರನ್ನು ಬಹುಕಾಲ ಮುಟ್ಟಗೊಡದಿದ್ದ ಬಾವಿ, ಎಲ್ಲವನ್ನೂ ಬೆರಳು ಮಾಡಿ ತೋರಿಸುತ್ತ, ಊರ ಗೌಡರನ್ನು ಸಣ್ಣಗೆ ಹಾಸ್ಯ ಮಾಡುತ್ತ ಬಂದಳು. ಊರ ಹಿಂದಿನ ಒಂದು ಬಯಲಿಗೆ ಬಂದಾಗ ಮಾತ್ರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೇಗಬೇಗ ಹೆಜ್ಜೆ ಹಾಕಿದಳು. ಬಿಸಿಲಿಗೆ ಹಾಗೆ ಮಾಡಿದಳೆಂದುಕೊಂಡೆ. ಬಯಲಿನಲ್ಲಿ ಜಾಲಿ, ಹುಲ್ಲು, ಅಲ್ಲಲ್ಲಿ ಚದುರಿದ ಕಲ್ಲು. ನಾನು ಹಸಿರು ಬಳಿದೆ.

ನಗರದ ಸಭೆಯೊಂದರಲ್ಲಿ ನಕ್ಷೆಯನ್ನು ಗೋಡೆಯ ತುಂಬ ತೋರಿಸಿದೆವು. ನಡುವಿನ ಕೆಂಪನ್ನು ನೋಡಲು ಜನ ಎದ್ದು ಗೋಡೆಯ ಹತ್ತಿರಕ್ಕೆ ಬಂದರು. ಅದನ್ನು ನಮ್ಮ ಗೆಲುವೆಂದೇ ಭಾವಿಸಿ, ಪ್ರತಿಗಳನ್ನು ಕಂಡಕಂಡ ಕಚೇರಿಗಳಿಗೆ ಹಂಚಿದೆವು.

ವರ್ಷ ಕಳೆಯುವುದರೊಳಗೆ ಆ ಬಯಲಿನ ಸುತ್ತ ತಂತಿಬೇಲಿ ಬಂತು. ಹೊಸ ಬಡಾವಣೆಗೆ ಉದ್ಯಾನವೆಂದು ಫಲಕ ನಿಂತಿತು. ಆಯಿಯ ಮಗ ಫೋನ್ ಮಾಡಿ, ತನ್ನ ತಾಯಿ ಬೇಲಿಯ ಹೊರಗೆ ಕುಳಿತವಳು ಏಳುತ್ತಿಲ್ಲ ಎಂದ. ಬೇಲಿಯ ಒಳಗೆ ಅವಳ ಮಗಳಿದ್ದಳು. ಚೊಚ್ಚಲ ಹೆರಿಗೆಯಲ್ಲಿ, ಆಸ್ಪತ್ರೆಗೆ ಒಯ್ಯಲು ಗಾಡಿ ಸಿಗದೆ ಸತ್ತ ಮಗಳು. ಅವಳ ಮಗ್ಗುಲಲ್ಲಿ ತನ್ನನ್ನು ಮಣ್ಣು ಮಾಡಬೇಕೆಂದು ಆಯಿ ಅಂದಿನಿಂದಲೇ ಹೇಳಿಟ್ಟಿದ್ದಳಂತೆ.

ಓಡಿಹೋಗಿ ಅವಳ ಎದುರು ಕುಳಿತೆ. ಅಂದೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಈಗ ನೆನೆದರೆ, ಆ ಪ್ರಶ್ನೆಯೂ ನನ್ನ ತಪ್ಪನ್ನು ಅವಳ ಮೇಲೆ ಹೊರಿಸುವಂಥದೇ ಆಗಿತ್ತು.

"ಸತ್ತವ್ರು ಮಲಗಿದ ಜಾಗಾಕ್ಕ ಬೆರಳ ಮಾಡಿ ತೋರಸಬಾರದ್ರಿ ಅಕ್ಕಾರ," ಎಂದಳು. "ನೀವು ಮ್ಯಾಲಿಂದ ಎಲ್ಲಾ ನೋಡೇವಿ ಅಂದಿದ್ರಿ. ನಿಮಗ ಗೊತ್ತೈತಿ ಅಂತ ತಿಳಕೊಂಡೆ."

ಮೇಲಿನಿಂದ ನೋಡಿದ್ದು ನಿಜ. ಆದರೆ ನೋಡಿದ ಕಣ್ಣು ಅಣ್ಣಿಗೇರಿಯ ಹೊಲವುಳ್ಳ ಮನೆತನದ್ದು. ನಮ್ಮ ಹಿರಿಯರನ್ನು ನಮ್ಮದೇ ಎರೆಹೊಲದ ಮೂಲೆಯಲ್ಲಿ ಕೂರಿಸಿ ಮಣ್ಣು ಮಾಡಿ, ಮೇಲೆ ಗದ್ದುಗೆ ಕಟ್ಟಿಸಿ, ವಿಭೂತಿ ಹಚ್ಚಿ ಪೂಜಿಸುತ್ತೇವೆ. ಸಮಾಧಿ ಎಂದರೆ ಕಟ್ಟೆ ಇರಬೇಕು, ಹೊಲಕ್ಕೆ ಪಹಣಿ ಇರಬೇಕು: ಇದು ನಾನು ಎಂದೂ ಪ್ರಶ್ನಿಸದೆ ಹೊತ್ತು ತಂದ ತಿಳಿವಳಿಕೆ. ಭೂಮಿಯನ್ನೇ ಕೊಡದ ವ್ಯವಸ್ಥೆ ಭೂಮಿಯಿಲ್ಲದವರ ಸಾವಿಗೂ ದಾಖಲೆ ಇಟ್ಟಿರಲಿಲ್ಲ. ತಲೆದೆಸೆಗೆ ಒಂದು ಕಾಡುಗಲ್ಲು ಇಟ್ಟು ಬರುವುದಷ್ಟೇ ಅವರಿಗೆ ಸಾಧ್ಯವಿತ್ತು. ಜಾತಿಯ ವಿರುದ್ಧ ಭಾಷಣ ಮಾಡುತ್ತಲೇ ಬೆಳೆದ ನಾನು ಆ ಕಲ್ಲುಗಳನ್ನು ಕಂಡೂ ಖಾಲಿ ಎಂದು ಬರೆದಿದ್ದೆ.

ಹೊಸ ನಕ್ಷೆ ಮಾಡಿದೆವು. ಈ ಬಾರಿ ಆಯಿ ಮಗನ ತೋಳು ಹಿಡಿದು ಬೇಲಿಯ ಸುತ್ತ ನಡೆದಳು. ಯಾರು ಎಲ್ಲಿದ್ದಾರೆಂದು, ಕೈ ಎತ್ತದೆ, ಹೆಜ್ಜೆಗಳ ಲೆಕ್ಕದಲ್ಲಿ ಹೇಳಿದಳು. ಆ ಹಾಳೆಯನ್ನು ಹಿಡಿದು ಕಚೇರಿಗೆ ಹೋದಾಗ ಅಧಿಕಾರಿ ಒರಟಾಗಿಯೇನೂ ಮಾತನಾಡಲಿಲ್ಲ. ಕಡತದಿಂದ ನಮ್ಮ ಹಳೆಯ ನಕ್ಷೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು.

"ಇದನ್ನ ನೀವ ಕೊಟ್ಟಿದ್ರಿ ಮೇಡಂ. ಖಾಲಿ ಐತಿ ಅಂತ ಬರದೀರಿ. ಈಗ ಯಾವುದನ್ನ ನಂಬೂಣ್ರಿ?"

ಅರ್ಜಿ, ಧರಣಿ, ಮತ್ತೆ ಅರ್ಜಿ. ಪಹಣಿ ತನ್ನಿ ಎಂದರು. ಪಹಣಿಯಲ್ಲಿ ಅದು ಸರಕಾರಿ ಪಡ, ಅಂದರೆ ಬೀಳು ಭೂಮಿ. ಅದು ಇತ್ಯರ್ಥವಾಗುವ ಮುನ್ನವೇ ಆಯಿ ತೀರಿಕೊಂಡಳು.

ಬೇಲಿ ಕೀಳುತ್ತೇವೆಂದು ಕೆಲವರು ಎದ್ದರು. ಬೇಲಿಯ ಬಾಗಿಲಲ್ಲಿ ಪೊಲೀಸರು ನಿಂತಿದ್ದರು. ಹೆಣವನ್ನು ಮುಂದಿಟ್ಟುಕೊಂಡು ಹೊಡೆದಾಟ ಬೇಡವೆಂದು ಮಗ ಕೈ ಮುಗಿದ. ಮಗಳಿದ್ದ ಬಯಲನ್ನು ಬಳಸಿಕೊಂಡು ಹೋಗಿ, ಹಳ್ಳದ ಆಚೆಯ ಜವುಳು ನೆಲದಲ್ಲಿ ಆಯಿಯನ್ನು ಮಣ್ಣು ಮಾಡಿದರು. ಕುಣಿಯಲ್ಲಿ ನೀರು ಜಿನುಗುತ್ತಿತ್ತು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಎಲ್ಲರೂ ಹಳ್ಳದಲ್ಲಿ ಕೈಕಾಲು ತೊಳೆದುಕೊಂಡ ಮೇಲೆ, ಈ ಜಾಗವನ್ನಾದರೂ ಈಗಲೇ ಸ್ಮಶಾನವೆಂದು ಗುರುತಿಸಿಕೊಳ್ಳಲೇ ಎಂದು ಮಗನನ್ನು ಕೇಳಿದೆ. ಅವನು ಓಣಿಯ ಹಿರಿಯರ ಬಳಿ ಹೋಗಿ ಬಹಳ ಹೊತ್ತು ಮಾತಾಡಿ ಬಂದ.

"ಬ್ಯಾಡ ಅಂತಾರ್ರಿ ಅಕ್ಕಾರ. ನಿಮ್ಮ ಹಾಳ್ಯಾಗ ಬಂದ ಜಾಗಾ ನಮ್ಮ ಕೈಯಾಗ ಉಳಿಯೂದಿಲ್ಲ ಅಂತಾರ."

ದಾಖಲೆ ಇಲ್ಲದಿದ್ದರೆ ಇದೂ ಒಂದು ದಿನ ಕೈತಪ್ಪುತ್ತದೆ ಎಂದು ವಾದಿಸಬಹುದಿತ್ತು. ಅದು ಸತ್ಯವೂ ಆಗಿತ್ತು. ಆ ಮಾತನ್ನು ಆಡುವ ಹಕ್ಕು ಅಂದು ನನಗಿರಲಿಲ್ಲ. ಹಳ್ಳದಾಚೆಯ ಆ ನೆಲ ಇಂದಿಗೂ ನಮ್ಮ ಯಾವ ನಕ್ಷೆಯಲ್ಲೂ ಇಲ್ಲ. ನಗರ ಈಗ ಅದರಿಂದ ಎರಡು ಹೊಲಗಳಷ್ಟು ದೂರದಲ್ಲಿದೆ.