ಎಕ್ಸ್‌ರೇ ಅಕ್ಕನ ಬಾಗಿಲು

ನಮ್ಮ ಆಸ್ಪತ್ರೆಯ ಎಕ್ಸ್‌ರೇ ಅಕ್ಕನ ಮುಖ ನೋಡಿ ಮಣಿಕಟ್ಟು ಮುರಿದಿದೆಯೋ ಬರೀ ಉಳುಕಿದೆಯೋ ಎಂದು ಕಂಡುಹಿಡಿದವರು ಇನ್ನೂ ಹುಟ್ಟಿಲ್ಲ. ಊದಿದ ಕೈಯನ್ನು ಹಸುಗೂಸಿನಂತೆ ಎತ್ತಿ ಹಲಗೆಯ ಮೇಲಿಟ್ಟು, "ಉಸಿರು ಯಾಕೆ ಹಿಡ್ಕೊಂಡ್ರಿ? ಫೋಟೊ ಕೈಯದ್ದು, ಎದೆಯದ್ದಲ್ಲ" ಎಂದು ಗದರುತ್ತಾರೆ. "ಮುರಿದಿದೆಯಾ ಅಕ್ಕಾ?" ಎಂದು ಅಂಗಲಾಚಿದರೆ, "ಡಾಕ್ಟರ್ ಹೇಳ್ತಾರೆ" ಅಷ್ಟೇ. ಆದರೆ ಎದುರಿನ ಕಿಟಕಿಯಲ್ಲಿ ಚೀಟಿ ಬರೆಯುವ ನನಗೆ ಗೊತ್ತು: ಉಳುಕಿದ್ದರೆ ಕೂತಲ್ಲಿಂದಲೇ "ಬಾಗಿಲು ಎಳ್ಕೊಂಡು ಹೋಗಿ" ಎಂದು ಕೂಗುತ್ತಾರೆ, ಮುರಿದಿದ್ದರೆ ತಾವೇ ಎದ್ದು ಬಂದು ಬಾಗಿಲು ತೆರೆಯುತ್ತಾರೆ. ಮೊನ್ನೆ ಜಾರಿ ಬಿದ್ದ ನಮ್ಮಮ್ಮ ಒಳಗಿದ್ದಾಗ ಆ ಕೂಗಿಗಾಗಿ ಕಿವಿಯೆಲ್ಲ ಅತ್ತಲೇ ಇಟ್ಟು ಕೂತಿದ್ದೆ. ಬಾಗಿಲು ಮೆಲ್ಲಗೆ ತೆರೆಯಿತು. ಅಮ್ಮ ನಗುತ್ತ ಹೊರಬಂದಳು: "ಎಷ್ಟು ಒಳ್ಳೆ ಹುಡುಗಿ ನೋಡು, ಅವಳೇ ಬಂದು ಬಾಗಿಲು ತೆಗೆದಳು."